ದುರ್ಗಕ್ಕೆ ಹೊರಡೋದು ತಡವಾದರೆ

ದಾವಣಗೆರೆಯಿಂದ ಹೊರಟು ಚಿತ್ರದುರ್ಗ ಮುಟ್ಟುವಾಗ 11 ಗಂಟೆ ದಾಟಿದ್ದರೆ ಮೊದಲು ಚಂದ್ರವಳ್ಳಿಗೆ ಹೋಗಿ, ಕೋಟೆಯನ್ನು 3.30ರ ಮೇಲೆ ಇಟ್ಟುಕೊಳ್ಳಿ. ಕೋಟೆಯ ದಾರಿ ಬಹುಪಾಲು ಬಯಲು ಬಂಡೆ. ನಡುಹಗಲು ಹೆಂಚಿನಂತೆ ಕಾದಿರುತ್ತದೆ, ಓಬವ್ವನ ಕಿಂಡಿ ಮುಟ್ಟುವ ಮೊದಲೇ ಮಕ್ಕಳು ಸುಸ್ತಾಗುತ್ತಾರೆ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆ ನೆಲದೊಳಗಿರುವುದರಿಂದ ಆ ಹೊತ್ತಿನಲ್ಲೂ ತಣ್ಣಗಿರುತ್ತದೆ, ಊರಿನಿಂದ ಆಟೋದಲ್ಲೇ ಹೋಗಬಹುದು. ಆದರೆ ಒಳಗೆ ಗವ್ವೆನ್ನುವ ಕತ್ತಲೆ. ಮೊಬೈಲ್ ಬೆಳಕು ಸಾಲದು, ಮೂವರಿಗೊಂದು ಟಾರ್ಚ್ ಇರಲಿ. ದಾರಿ ಬಲ್ಲ ಗೈಡ್ ಇಲ್ಲದೆ ದಯವಿಟ್ಟು ಇಳಿಯಬೇಡಿ. ಬಗ್ಗಿ ನಡೆಯಲಾಗದ ಹಿರಿಯರು ಕೆರೆ ಕಡೆ ನೆರಳಲ್ಲಿ ಕೂರುವುದೇ ಒಳ್ಳೆಯದು. ಮಳೆ ಬಂದ ದಿನ ಈ ಅದಲುಬದಲು ನಡೆಯೋದಿಲ್ಲ: ಒದ್ದೆ ಬಂಡೆ ಜಾರುತ್ತದೆ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆಗ ಕೋಟೆಯ ಕೆಳಗಿನ ಬಾಗಿಲುಗಳನ್ನಷ್ಟೇ ನೋಡಿ ಬನ್ನಿ.