ಮರೆಗುಳಿತನದ ಹಿರಿಯರಿಗೆ ಗುಂಪು ವ್ಯಾಯಾಮ: ನನ್ನ ಅನುಭವ

ಉಡುಪಿ ಸಮೀಪದ ಆರೈಕೆ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು, ಡಿಮೆನ್ಷಿಯಾ ಇರುವ ಹಿರಿಯರನ್ನು ಒಟ್ಟಿಗೆ ಕೂರಿಸಿಕೊಂಡು ವ್ಯಾಯಾಮ ಮಾಡಿಸುತ್ತೇನೆ. ತರಗತಿ ಎಂದು ಕರೆದರೂ ಅಲ್ಲಿ ಹೊಸದಾಗಿ ಕಲಿಸುವುದು ಏನೂ ಇಲ್ಲ. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಕಾಯಿಲೆಯಲ್ಲಿ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿ ಮೊದಲು ಕುಂದುತ್ತದೆ. ವರ್ಷಗಟ್ಟಲೆ ಮಾಡಿ ಮೈಗೂಡಿದ ಕೆಲಸಗಳನ್ನು ಮೆದುಳಿನ ಬೇರೆ ಭಾಗಗಳು ನೋಡಿಕೊಳ್ಳುವುದರಿಂದ ಅವು ಹೆಚ್ಚು ಕಾಲ ಉಳಿಯುತ್ತವೆ. ನನ್ನ ಕ್ರಮವೆಲ್ಲ ಈ ಸಂಗತಿಯನ್ನೇ ಆಧರಿಸಿದೆ.

‘ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ’ ಎಂದರೆ ಹಲವರು ಸುಮ್ಮನೆ ನನ್ನ ಮುಖ ನೋಡುತ್ತಾರೆ. ಅದೇ, ಒದ್ದೆ ಬೈರಾಸನ್ನು (ಟವೆಲನ್ನು) ಕೈಗಿತ್ತು ಎದುರಿಗೆ ಹಗ್ಗ ಕಟ್ಟಿದರೆ, ಅದನ್ನು ಹಿಂಡಿ, ಕೊಡವಿ, ಹರವುವಷ್ಟರಲ್ಲಿ ಮಣಿಕಟ್ಟಿನಿಂದ ಭುಜದವರೆಗಿನ ಚಲನೆಗಳೆಲ್ಲ ತಾವಾಗಿ ಬಂದುಬಿಡುತ್ತವೆ. ಆದ್ದರಿಂದ ಒಬ್ಬರನ್ನು ಗುಂಪಿಗೆ ಸೇರಿಸುವ ಮೊದಲು ಅವರು ಬದುಕಿನುದ್ದಕ್ಕೂ ಯಾವ ಕೆಲಸ ಮಾಡಿದ್ದರೆಂದು ಮನೆಯವರಲ್ಲಿ ಕೇಳುತ್ತೇನೆ. ಬೀಡಿ ಕಟ್ಟುತ್ತಿದ್ದ ಅಜ್ಜಿಯರ ಬೆರಳುಗಳು ಕತ್ತರಿಸಿದ ಕಾಗದದ ತುಂಡುಗಳನ್ನು ಕಂಡೊಡನೆ ಸುರುಳಿ ಸುತ್ತತೊಡಗುತ್ತವೆ. ಗದ್ದೆ ಕೆಲಸ ಮಾಡಿದವರಿಗೆ ತಡ್ಪೆಯಲ್ಲಿ (ಮೊರದಲ್ಲಿ) ಒಂದಿಷ್ಟು ಭತ್ತ ಹಾಕಿಕೊಟ್ಟರೆ ಮೊಣಕೈ, ಸೊಂಟ ಎರಡೂ ಆಡುತ್ತವೆ. ಮಲ್ಪೆಯ ಕಡೆಯಿಂದ ಬಂದ, ಮೀನುಗಾರಿಕೆ ಮಾಡಿದ ಅಜ್ಜಂದಿರಿಗೆ ದಪ್ಪ ಹಗ್ಗವೊಂದು ಸಾಕು. ಎದುರುಬದುರಾಗಿ ಕೂತು ಬಲೆ ಎಳೆದಂತೆ ಎಳೆಯುವಾಗ ಬೆನ್ನಿನ ಸ್ನಾಯುಗಳಿಗೆ ದೊರೆಯುವ ಶ್ರಮ, ವ್ಯಾಯಾಮಕ್ಕೆ ಬಳಸುವ ಬಣ್ಣದ ರಬ್ಬರ್ ಪಟ್ಟಿಯಿಂದ ನನಗೆ ಎಂದೂ ದೊರೆತಿಲ್ಲ.

ಒಂದು ಗುಂಪಿನಲ್ಲಿ ಆರರಿಂದ ಎಂಟು ಮಂದಿ, ಅರ್ಧ ಗಂಟೆ, ಬೆಳಗ್ಗೆ ಉಪಾಹಾರವಾಗಿ ಸ್ವಲ್ಪ ಹೊತ್ತಿನ ಬಳಿಕ. ಸಂಜೆಯಾಗುತ್ತಿದ್ದಂತೆ ಹಲವರಲ್ಲಿ ಗೊಂದಲ, ಚಡಪಡಿಕೆ ಹೆಚ್ಚುವುದರಿಂದ ಆ ಹೊತ್ತನ್ನು ಬಿಟ್ಟಿದ್ದೇನೆ. ಎಲ್ಲರಿಗೂ ಎಲ್ಲರೂ ಕಾಣುವಂತೆ ವೃತ್ತಾಕಾರದಲ್ಲಿ ಕೂರಿಸಿ, ನೋಡಿ ಮಾಡಬಲ್ಲವರನ್ನು ತಡವರಿಸುವವರ ಎದುರಿಗೆ ಇರಿಸುತ್ತೇನೆ. ನನ್ನ ಮಾತಿಗಿಂತ ಆ ಎದುರಿನವರ ಕೈಗಳೇ ಹೆಚ್ಚು ಕೆಲಸ ಮಾಡುತ್ತವೆ. ಟಿ.ವಿ. ಆರಿಸಿರಬೇಕು, ಕನ್ನಡಕ ಮತ್ತು ಶ್ರವಣ ಸಾಧನ ಹಾಕಿರಬೇಕು. ತುಳು ಮನೆಮಾತಿನವರಿಗೆ ‘ಕೈ ದೆರ್ಪುಲೆ’ (ಕೈ ಎತ್ತಿ) ಎಂದು ತುಳುವಿನಲ್ಲೇ, ಕೊಂಕಣಿಯವರಿಗೆ ಕೊಂಕಣಿ ಬಲ್ಲ ಸಿಸ್ಟರ್ ಮೂಲಕ, ಒಂದು ಬಾರಿಗೆ ಒಂದೇ ಸೂಚನೆ ಕೊಟ್ಟು ಕಾಯುತ್ತೇನೆ. ಆ ಮೌನ ಹೊಸ ಸಿಬ್ಬಂದಿಗೆ ಸಹಿಸಲಾಗುವುದಿಲ್ಲ. ಅವರು ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿಬಿಡುತ್ತಾರೆ, ಹಿರಿಯರು ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಸ್ಪೀಕರಿನಲ್ಲಿ ಹಾಡು ಹಾಕುವುದು ನನಗೆ ಅಷ್ಟಾಗಿ ಹಿಡಿಸದು, ಏಕೆಂದರೆ ಅದು ಯಾರಿಗಾಗಿಯೂ ನಿಧಾನವಾಗುವುದಿಲ್ಲ. ಚಪ್ಪಾಳೆಯನ್ನೋ ತಾಳವನ್ನೋ ಎಲ್ಲರಿಗಿಂತ ನಿಧಾನವಾಗಿರುವವರ ವೇಗಕ್ಕೆ ಇಳಿಸಬಹುದು. ಭಜನೆ, ಇಗರ್ಜಿಯ ಗೀತೆ, ನಾಟಿಯ ಹಾಡು, ಯಾವುದು ಬಾಯಿಗೆ ಬರುತ್ತದೆಯೋ ಅದನ್ನು ಅವರವರಿಗೇ ಬಿಡುತ್ತೇನೆ.

ಕುರ್ಚಿಯಿಂದ ಏಳುವ, ಕೂರುವ ಅಭ್ಯಾಸಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಒಬ್ಬರ ಆಸರೆಯಿಂದ ಶೌಚಾಲಯಕ್ಕೆ ಹೋಗಬಲ್ಲರೇ, ಇಬ್ಬರು ಎತ್ತಬೇಕೇ ಎಂಬುದನ್ನು ತೊಡೆಯ ಬಲವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಕುರ್ಚಿಗೆ ಕೈಗಳಿರಬೇಕು, ಭಾರವಿರಬೇಕು. ಹಗುರ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ನಿಂತೊಡನೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದಾದ್ದರಿಂದ, ಮೊದಲು ಕೂತಲ್ಲೇ ಪಾದಗಳನ್ನು ಆಡಿಸಿ, ಎದ್ದ ಮೇಲೆ ಸ್ವಲ್ಪ ನಿಲ್ಲಿಸಿ, ಆಮೇಲೆಯೇ ಹೆಜ್ಜೆ. ಮಳೆಗಾಲದಲ್ಲಿ ನೆಲ ಬೆವರುವ ದಿನಗಳಲ್ಲಿ ನಡಿಗೆಯನ್ನು ಕೈಬಿಡುತ್ತೇನೆ. ನೋವನ್ನು ಅನೇಕರು ಬಾಯಿಬಿಟ್ಟು ಹೇಳಲಾರರು; ಹುಬ್ಬು ಗಂಟಿಕ್ಕಿದರೆ, ಕೈ ತಳ್ಳಿದರೆ, ಅದನ್ನು ಹಟವೆನ್ನದೆ ಕೀಲನ್ನು ಪರೀಕ್ಷಿಸಬೇಕು.

ಇದರಿಂದ ನೆನಪು ಮರಳುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ 494 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ರಮದ ವ್ಯಾಯಾಮದಿಂದ ದೇಹದ ಕಸುವು ಹೆಚ್ಚಿತೇ ಹೊರತು ಬುದ್ಧಿಶಕ್ತಿಯ ಕುಸಿತ ನಿಧಾನವಾಗಲಿಲ್ಲ. ಹೀಗಾಗಿ ನಾನು ಆ ಭರವಸೆ ಕೊಡುವುದಿಲ್ಲ. ಅಮ್ಮ ಇಂದು ಎಷ್ಟು ಆಸರೆಯಿಂದ ಎದ್ದರು, ಬೈರಾಸನ್ನು ಹಗ್ಗದ ಮೇಲೆ ತಾವೇ ಹಾಕಿದರೇ ಎಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತೇನೆ; ಮನೆಯವರಿಗೆ ಅದನ್ನು ತೋರಿಸುತ್ತೇನೆ, ರಾತ್ರಿ ಪಾಳಿಯ ಸಿಬ್ಬಂದಿಯೂ ಅದನ್ನು ಓದಿಕೊಂಡೇ ಅವರನ್ನು ಎಬ್ಬಿಸುತ್ತಾರೆ.