ಕೋಡಿ ಬೀಚಲ್ಲಿ ಕೊನೆಗೂ ಸಿಕ್ಕಿದ ಸ್ಲೆಂಡರ್ ಬಿಲ್ಡ್ ಗಲ್ – ನನ್ನ ಅನುಭವ

ಹೋದ ವರ್ಷ ಜನವರಿಯಲ್ಲಿ ಒಂದು ಕಡಲಹಕ್ಕಿ ಫೋಟೋ ತೆಗೆದು, ಇದು ಸ್ಲೆಂಡರ್ ಬಿಲ್ಡ್ ಗಲ್ಲೇ (ತೆಳು ಕೊಕ್ಕಿನ, ಇಲ್ಲಿ ಅಪರೂಪದ ಗಲ್ ಜಾತಿ ಕಡಲಹಕ್ಕಿ) ಅಂತ ಫ್ರೆಂಡ್ಸಿಗೆಲ್ಲ ಕಳ್ಸಿ ಮಾನ ಕಳ್ಕೊಂಡಿದ್ದೆ. ಅದು ಬ್ಲ್ಯಾಕ್ ಹೆಡೆಡ್ ಗಲ್ ಆಗಿತ್ತು. ಚಳಿಗಾಲದಲ್ಲಿ ಬ್ಲ್ಯಾಕ್ ಹೆಡೆಡ್ ಗಲ್ಲಿಗೂ ತಲೆ ಬಿಳಿನೇ ಇರುತ್ತೆ, ಕಿವಿ ಹತ್ರ ಒಂದು ಕಪ್ಪು ಚುಕ್ಕೆ ಬಿಟ್ರೆ. ನನ್ನ ಹಕ್ಕಿಗೆ ಆ ಚುಕ್ಕೆ ಮಾಸಿತ್ತು ಅಷ್ಟೇ. ಚುಕ್ಕೆ ಇಲ್ಲ, ಮುಗೀತು ಅಂದ್ಕೊಂಡಿದ್ದೆ, ಕಣ್ಣು ಕಪ್ಪಗಿರೋದನ್ನ ನೋಡೇ ಇರ್ಲಿಲ್ಲ, ಸ್ಲೆಂಡರ್ ಬಿಲ್ಡಿಗೆ ಕಣ್ಣು ತಿಳಿ ಬಣ್ಣ.

ಅದಕ್ಕೇ ಈ ಸಲ ಮಾರ್ಚ್ ತನಕ ಕಾದೆ. ಮಾರ್ಚ್ ಹೊತ್ತಿಗೆ ಬ್ಲ್ಯಾಕ್ ಹೆಡೆಡ್, ಬ್ರೌನ್ ಹೆಡೆಡ್ ಎರಡೂ ಜಾತಿ ಗಲ್ಲಿಗೆ ತಲೆ ಮೇಲೆ ಕಂದು ಬಣ್ಣದ ಟೋಪಿ ಬರೋಕೆ ಶುರುವಾಗುತ್ತೆ, ಸ್ಲೆಂಡರ್ ಬಿಲ್ಡಿಗೆ ಮಾತ್ರ ಟೋಪಿ ಬರೋದೇ ಇಲ್ಲ, ವರ್ಷವಿಡೀ ಬಿಳಿ ತಲೆ. ಹಾಗಂತ ಬಿಳಿ ತಲೆ ಕಂಡಿದ್ದೆಲ್ಲ ಅದೇ ಅಲ್ಲ, ಮರಿಗಳಿಗೆ ಟೋಪಿ ಲೇಟು, ಕೆಲವಕ್ಕೆ ಅರ್ಧಂಬರ್ಧ.

ಜಾಗ ಕುಂದಾಪುರದ ಕೋಡಿ, ಸೀವಾಕ್ ಹತ್ರ, ಪಂಚಗಂಗಾವಳಿ ಸಮುದ್ರ ಸೇರೋ ಅಳಿವೆ. ಇಳಿತದ ಟೈಮ್ ನೋಡ್ಕೊಂಡು ಬೆಳಿಗ್ಗೆ ಏಳಕ್ಕೇ ಹೋದೆ, ನಮ್ಮ ಕರಾವಳೀಲಿ ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತೆ, ಹಕ್ಕಿ ಮೇಲೆ ನೇರ ಬೆಳಕು. ಸಂಜೆ ಹೋದ್ರೆ ಎಲ್ಲಾ ಕಪ್ಪು ಬೊಂಬೆ. ಮರಳ ದಿಬ್ಬದ ಮೇಲೆ ಸುಮಾರು ಇನ್ನೂರು ಹಕ್ಕಿ, ಮುಕ್ಕಾಲು ಪಾಲು ಬ್ರೌನ್ ಹೆಡೆಡ್. ಒಂದು ತುದಿಯಿಂದ ಒಂದೊಂದೇ ತಲೆ ನೋಡ್ತಾ ಬಂದೆ, ಅರ್ಧ ಗಂಟೆ ಆದ್ಮೇಲೆ ಒಂದು ಬಿಳಿ ತಲೆ ಹಕ್ಕಿ ಮೇಲೆ ಕಣ್ಣು ನಿಂತಿತು.

ಅದು ಕತ್ತು ಚಾಚಿ ನಿಂತಿತ್ತು. ಪಕ್ಕದವು ಕತ್ತು ಒಳಗೆ ಎಳ್ಕೊಂಡು ಗುಂಡಗೆ ಕೂತಿದ್ರೆ ಇದರದ್ದು ಮಾತ್ರ ಉದ್ದ. ಹಣೆ ಗುಂಡಗೆ ಇಲ್ಲ, ಇಳಿಜಾರಾಗಿ ಬಂದು ಹಾಗೇ ಕೊಕ್ಕಿಗೆ ಸೇರುತ್ತೆ, ಹಣೆಯ ಪುಕ್ಕ ಕೊಕ್ಕಿನ ಮೇಲೆ ಸ್ವಲ್ಪ ಮುಂದೆ ಬಂದಿರೋದ್ರಿಂದ ಮೂತಿನೇ ಉದ್ದ ಅನ್ಸುತ್ತೆ. ಕಣ್ಣು ತಿಳಿ ಬಣ್ಣ. ಎದೆ ಮೇಲೆ ತೆಳ್ಳಗೆ ಗುಲಾಬಿ ಛಾಯೆ ಇತ್ತು, ಅದು ಬೆಳಕಿನ ಆಟನೂ ಇರಬಹುದು ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ.

ತಿಳಿ ಕಣ್ಣು ನೋಡಿ ಕುಣೀಬೇಡಿ, ಬೆಳೆದ ಬ್ರೌನ್ ಹೆಡೆಡ್ಡಿಗೂ ಕಣ್ಣು ತಿಳಿನೇ! ಕಣ್ಣಿಂದ ಬ್ಲ್ಯಾಕ್ ಹೆಡೆಡ್ ಹೊರಗೆ ಹೋಯ್ತು, ಬ್ರೌನ್ ಹೆಡೆಡ್ ಹೊರಗೆ ಹೋಗ್ಬೇಕಂದ್ರೆ ರೆಕ್ಕೆ ಬಿಚ್ಬೇಕು. ಬ್ರೌನ್ ಹೆಡೆಡ್ಡಿನ ರೆಕ್ಕೆ ತುದೀಲಿ ದಪ್ಪಗೆ ಕಪ್ಪು, ಒಳಗೆ ಬಿಳಿ ಕಿಟಕಿ ಥರ ಮಚ್ಚೆ. ಸ್ಲೆಂಡರ್ ಬಿಲ್ಡಿಗೆ ರೆಕ್ಕೆ ಮುಂದಿನ ಅಂಚಲ್ಲಿ ಉದ್ದಕ್ಕೆ ಬಿಳಿ ಪಟ್ಟೆ, ತುದಿಗೆ ಸಣ್ಣ ಕಪ್ಪು ಅಂಚು. ಆದ್ರೆ ಹಕ್ಕಿ ಹಾರ್ತಾನೇ ಇಲ್ಲ, ನಾನು ಓಡ್ಸೋದೂ ಇಲ್ಲ.

ಅಷ್ಟೊತ್ತಿಗೆ ಬಲೆ ಸರಿ ಮಾಡ್ತಿದ್ದ ಒಬ್ರು ಹತ್ರ ಬಂದು "ಎಂತ ಕಾಂತಾ ಇದ್ರಿ ಮಾರ್ರೆ?" ಅಂದ್ರು. ಆ ಬಿಳಿ ತಲೆದು ಬೇರೆ ಜಾತಿ ಅಣ್ಣ, ಇಲ್ಲಿ ಅಪರೂಪ ಅಂದೆ. ಬೈನಾಕ್ಯುಲರ್ ಇಸ್ಕೊಂಡು ನೋಡಿ "ಎಲ್ಲ ಒಂದೇ ಕಣಂಗೆ ಇತ್ತಲ್ದಾ" ಅಂತ ವಾಪಸ್ ಕೊಟ್ರು. ನನಗೂ ಮೊದಲು ಹಾಗೇ ಕಾಣ್ತಿತ್ತು, ಏನು ಹೇಳೋದು.

ಎಂಟೂವರೆಗೆ ನಾಯಿಯೊಂದು ನುಗ್ಗಿ ಇಡೀ ಗುಂಪು ಎದ್ದಿತು. ಕಣ್ಣಲ್ಲಿ ನೋಡೋದು ಬಿಟ್ಟು ಬರ್ಸ್ಟ್ ಮೋಡಲ್ಲಿ ಒತ್ತಿದ್ದೇ ಒತ್ತಿದ್ದು, ನಲವತ್ತು ಫ್ರೇಮಲ್ಲಿ ಎರಡೇ ಶಾರ್ಪು, ಅದ್ರಲ್ಲಿ ಒಂದರಲ್ಲಿ ರೆಕ್ಕೆ ಪೂರ್ತಿ ಬಿಚ್ಚಿದೆ, ಬಿಳಿ ಪಟ್ಟೆ ಸ್ಪಷ್ಟ, ಪಕ್ಕದಲ್ಲೇ ಕಪ್ಪು ತುದಿಯ ಬ್ರೌನ್ ಹೆಡೆಡ್ ಕೂಡ ಇದೆ. ಮನೇಲಿ ಇಬರ್ಡಿಗೆ (ಕಂಡ ಹಕ್ಕಿಗಳನ್ನ ದಾಖಲಿಸೋ ವೆಬ್‌ಸೈಟು) ಹಾಕುವಾಗ ಆ ಫೋಟೋ ಜೊತೆ ಕಣ್ಣು, ಹಣೆ, ಕತ್ತು, ರೆಕ್ಕೆ ನಾಲ್ಕನ್ನೂ ಬರೆದೆ. ಮರುದಿನ ಫ್ರೆಂಡನ್ನ ಕರ್ಕೊಂಡು ಹೋದ್ರೆ ದಿಬ್ಬದ ಮೇಲೆ ಬರೀ ಬ್ರೌನ್ ಹೆಡೆಡ್ಡೇ.