ಬೇಲಿ ಸವರುವ ತಿಂಗಳು ಬದಲಿಸಿದ ಮೇಲೆ

ಮನೆ ಸುತ್ತ ಹೂವು, ಹಕ್ಕಿ ಬೇಕೆಂದು ನಾನು ಹೊಸದಾಗಿ ನೆಟ್ಟಿದ್ದು ಬಹಳ ಕಡಿಮೆ. ಸಾಗರ, ಸಿರ್ಸಿ ಕಡೆಯ ಅಡಿಕೆ ತೋಟದ ಮನೆಗೆ ಬೇಲಿ, ಧರೆ (ಕಡಿದಾದ ಮಣ್ಣಿನ ದಂಡೆ), ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದ್ದೇ ಇರುತ್ತವೆ. ಬೇಕಾದ ಗಿಡವೆಲ್ಲ ಅಲ್ಲೇ ಇದೆ. ಬದಲಿಸಬೇಕಾಗಿ ಬಂದದ್ದು ಕತ್ತಿ ಹಾಕುವ ತಿಂಗಳನ್ನು.

ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಚೀಚೆ ಬೇಲಿ ಸವರುವುದು ನಮ್ಮಲ್ಲಿ ರೂಢಿ. ನೋಡಲು ಚೊಕ್ಕ, ನಿಜ. ಆದರೆ ಬೇಲಿಯ ಪೊದೆಗಳಾದ ಕೌಳಿಯೂ (ಕವಳೆ ಹಣ್ಣಿನ ಗಿಡ) ಕೇಪಳವೂ ಹೂ ಬಿಡುವುದು ಟಿಸಿಲಿನ ತುದಿಯಲ್ಲಿ. ನವೆಂಬರಿನಲ್ಲಿ ತುದಿ ಹಾರಿಸಿದರೆ ಶಿವರಾತ್ರಿ ಹೊತ್ತಿಗೆ ಬರೀ ಎಲೆ. ಏಪ್ರಿಲ್‌ನಲ್ಲಿ ಸವರಿದರೆ ಪಿಕಳಾರದ (ಬುಲ್‌ಬುಲ್ ಹಕ್ಕಿ) ಗೂಡು ಹೋಗುತ್ತದೆ. ಅದು ಕಟ್ಟುವುದೇ ಎದೆಮಟ್ಟದ ಪೊದೆಯಲ್ಲಿ. ಹಾಗಾಗಿ ಈಗ ಕತ್ತಿ ಬೀಳುವುದು ಜೂನ್ ಕೊನೆಗೆ, ಕೌಳಿ ಹಣ್ಣು ಮುಗಿದ ಮೇಲೆ. ಅದೂ ಒಂದು ವರ್ಷ ಮನೆ ಬದಿ, ಮರುವರ್ಷ ತೋಟದ ಬದಿ. ದಾರಿಗೆ ಚಾಚಿದ್ದನ್ನು ಮಾತ್ರ ಯಾವಾಗ ಬೇಕಾದರೂ ಕಡಿಯುತ್ತೇನೆ, ಕೌಳಿ ಮುಳ್ಳು ಮೈಗೆ ತಾಗಿದವರಿಗೆ ಕಾರಣ ಹೇಳಬೇಕಿಲ್ಲ.

ಲಂಟಾನಕ್ಕೆ ಈ ರಿಯಾಯಿತಿ ಇಲ್ಲ. ಮೇಲಷ್ಟೇ ಕಡಿದರೆ ಬುಡ ಇನ್ನಷ್ಟು ಚಿಗುರುತ್ತದೆ. ಎರಡು ಮಳೆ ಬಿದ್ದು ನೆಲ ಮೆತ್ತಗಾದಾಗ ಗುದ್ದಲಿಯಿಂದ ಬುಡ ಸಮೇತ ಎತ್ತಿ, ಬೇರು ಮೇಲಾಗಿ ಮಗುಚಿ ಹಾಕಬೇಕು. ಹಕ್ಕಿ ಹಿಕ್ಕೆಯಲ್ಲಿ ಬಿದ್ದು ಹುಟ್ಟುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲಿ ಕೈಯಲ್ಲೇ ಕಿತ್ತರಾಯಿತು.

ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದರಲ್ಲೂ ಒಂದು ತಿದ್ದುಪಡಿ ಮಾಡಿಕೊಂಡಿದ್ದೇನೆ. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆಯ ಸುತ್ತ ಹದಿನೈದು ಅಡಿ ಪೂರ್ತಿ ಚೊಕ್ಕ, ಬೆಂಕಿಯ ಭಯಕ್ಕೆ. ಬೇಲಿಯ ಒಳಬದಿಯಲ್ಲಿ ನೆರಳಿರುವ ಕಡೆ ಮಾತ್ರ ಆರಡಿ ಅಗಲದ ಪಟ್ಟಿ ಗುಡಿಸುವುದಿಲ್ಲ. ನವರಂಗ ಹಕ್ಕಿಯೂ ಕಿತ್ತಳೆ ತಲೆಯ ನೆಲಸಿಳ್ಳಾರವೂ ಹುಳ ಹುಡುಕುವುದು ಒದ್ದೆ ದರಕನ್ನು ಕೊಕ್ಕಿನಿಂದ ಮಗುಚಿ. ಗುಡಿಸಿದ ನೆಲದಲ್ಲಿ ಅವಕ್ಕೆ ಕೆಲಸವಿಲ್ಲ. ಧರೆಯನ್ನೂ ಕೆತ್ತಿ ನುಣುಪು ಮಾಡಬೇಡಿ. ಫೆಬ್ರುವರಿಯಿಂದ ಕಳ್ಳಿಪೀರ ಹಕ್ಕಿಗಳು ಗೂಡಿಗಾಗಿ ಅದರಲ್ಲಿ ಬಿಲ ಕೊರೆಯುತ್ತವೆ.

ಇನ್ನು ನೀರು. ಮಾರ್ಚ್, ಏಪ್ರಿಲ್‌ನಲ್ಲಿ ಹಕ್ಕಿ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಹದಿನಾರು ಇಂಚು ಅಗಲ, ಎರಡು ಇಂಚು ಅಂಚಿನ ಮಣ್ಣಿನ ತಟ್ಟೆ ಸಾಕು. ಒಳಮೈ ಒರಟಾಗಿರಲಿ. ಪ್ಲಾಸ್ಟಿಕ್, ಸ್ಟೀಲ್ ಆದರೆ ಕಾಲು ಜಾರುತ್ತದೆ, ಸ್ನಾನಕ್ಕೆ ಇಳಿಯುವುದಿಲ್ಲ. ನಡುವೆ ಚಪ್ಪಟೆ ಕಲ್ಲು, ನೆತ್ತಿ ನೀರಿಗಿಂತ ಕಾಲಿಂಚು ಮೇಲೆ. ತಟ್ಟೆಯಿಂದ ಪೊದೆಗೆ ಏಳೆಂಟು ಅಡಿ ದೂರ ಇರಲಿ: ತೀರ ಹತ್ತಿರವಾದರೆ ಬೆಕ್ಕು ಹೊಂಚುತ್ತದೆ, ತೀರ ಬಯಲಾದರೆ ಹಕ್ಕಿಗೆ ಗಿಡುಗನ ಹೆದರಿಕೆ.

ನಿಂತ ನೀರಿಗೆ ಪಿಕಳಾರ, ಮಡಿವಾಳ, ಹರಟೆಮಲ್ಲ ಬರುತ್ತವೆ. ನಾಚಿಕೆಯ ಹಕ್ಕಿಗಳನ್ನು ಕರೆಯುವುದು ಹನಿಯ ಸದ್ದು. ಅದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ, ಗ್ಲೂಕೋಸ್ ಹಾಕುವ ನಳಿಕೆ ಹೇಳಿ ಮಾಡಿಸಿದ ಹಾಗಿದೆ. ಐದು ಲೀಟರಿನ ಕ್ಯಾನನ್ನು ಮರದ ಕೊಂಬೆಗೆ ನಾಲ್ಕಡಿ ಎತ್ತರದಲ್ಲಿ ಕಟ್ಟಿ, ನಳಿಕೆಯ ತುದಿಯನ್ನು ತಟ್ಟೆಗಿಂತ ಒಂದಡಿ ಮೇಲೆ ನಿಲ್ಲಿಸಿ. ನಿಮಿಷಕ್ಕೆ 40 ಹನಿ ಬೀಳುವಂತೆ ನಳಿಕೆಯ ಮೇಲಿನ ಚಕ್ರ ತಿರುಗಿಸಿ. ದೊಡ್ಡವರಿಗೆ ಹಾಕುವ ಸೆಟ್ಟಿನಲ್ಲಿ 20 ಹನಿ ಸೇರಿದರೆ ಒಂದು ಮಿಲಿಲೀಟರ್. ಅಂದರೆ ಗಂಟೆಗೆ 120. ರಾತ್ರಿ ಚಕ್ರ ಮುಚ್ಚಿದರೆ ಒಂದು ಕ್ಯಾನ್ ಮೂರು ದಿನ ಬರುತ್ತದೆ. ಅರ್ಧ ದಿನಕ್ಕೇ ಹನಿ ನಿಂತರೆ ಮುಚ್ಚಳ ನೋಡಿ, ಗಾಳಿ ಹೋಗಲು ಸೂಜಿ ತೂತು ಬೇಕು. ಬಿಳಿ ಕ್ಯಾನಾದರೆ ವಾರದಲ್ಲಿ ಪಾಚಿ ಕಟ್ಟಿ ನಳಿಕೆ ಮುಚ್ಚುತ್ತದೆ, ಗೋಣಿ ಸುತ್ತಿ. ಬಾವಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ತುಂಬಿ.

ತಟ್ಟೆಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ, ತೆಂಗಿನ ನಾರು, ಬೂದಿ ಹಾಕಿ ತಿಕ್ಕುತ್ತೇನೆ. ಸೊಳ್ಳೆ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರವಾದರೂ ಬೇಕು, ಅಷ್ಟು ಅವಕಾಶ ಕೊಡದಿದ್ದರೆ ಆಯಿತು. ಅಕ್ಕಿ, ಸಕ್ಕರೆ ನೀರು ಇಡುವ ಗೋಜಿಗೆ ಹೋಗಬೇಡಿ. ಅಕ್ಕಿಗೆ ಇಲಿಯೂ ಕಾಗೆಯೂ ಸೇರುತ್ತವೆ. ಸಕ್ಕರೆ ನೀರು ಬಿಸಿಲಿಗೆ ಹುಳಿತು ಇರುವೆ ಸಾಲು ಕಟ್ಟುತ್ತದೆ.

ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿ ತಟ್ಟೆಗೆ ಇಳಿಯುವುದು ಕಡಿಮೆ. ಸಂಜೆ ನಾಲ್ಕೂವರೆಗೆ ಬಾಳೆ ಗಿಡಕ್ಕೆ ಒಂದು ಚೊಂಬು ನೀರು ಎರಚಿ ಜಗುಲಿಯಲ್ಲಿ ಸುಮ್ಮನೆ ಕೂತು ನೋಡಿ. ಎಲೆಯ ದಿಂಡಿನ ಮೇಲೆ ಕೂತು, ಹನಿ ನಿಂತ ಕಡೆಗೆ ಎದೆಯೂರಿ ಜಾರುತ್ತದೆ, ಎಲೆ ಬಾಗಿದಂತೆ ರೆಕ್ಕೆ ಬಡಿದು ಮತ್ತೆ ಮೇಲೆ. ಎಂಟು ಪಟ್ಟಿನ ದುರ್ಬೀನಿನಲ್ಲಿ ಇಪ್ಪತ್ತಡಿಯಿಂದ ಒದ್ದೆಯಾದ ಎದೆಯ ಹಳದಿ ಗರಿ ಒಂದೊಂದೂ ಕಾಣುತ್ತದೆ.

ಮರಗಳ ಮಾತಿಗೆ ಬಂದರೆ, ಹಾಲುವಾಣಕ್ಕೆ ಮೊದಲ ಸ್ಥಾನ. ಎಲೆ ಉದುರಿ ಕೆಂಪು ಹೂ ಬಂದಾಗ ಗೊರವಂಕ, ಕಾಜಾಣ, ಎಲೆಹಕ್ಕಿ ಎಲ್ಲ ಒಂದೇ ಮರದಲ್ಲಿ ಜಗಳಾಡುತ್ತವೆ. ಆದರೆ ಮೆಣಸಿನ ಬಳ್ಳಿಗೆ ಬೆಳಕು ಬೇಕೆಂದು ವರ್ಷ ವರ್ಷ ಸವರಿದ ಮರದಲ್ಲಿ ಹೂ ಅಪರೂಪ. ಅಂಚಿನ ಎರಡು ಮರ ಹಾಗೇ ಬಿಡಿ. ಹೊಸದು ಬೇಕಿದ್ದರೆ ಮುಂಗೈ ದಪ್ಪದ ಆರಡಿ ಗೂಟ ಕಡಿದು, ರಸ ಆರಲು ವಾರ ನೆರಳಲ್ಲಿಟ್ಟು ಮಳೆ ಶುರುವಾಗುವ ಮೊದಲು ನೆಡಬೇಕು. ಹಸಿ ಗೂಟ ಕೊಳೆಯುತ್ತದೆ. ಎಲೆ, ತೊಟ್ಟು ಗಂಟು ಗಂಟಾಗಿ ಊದಿರುವ ಮರದಿಂದ ಗೂಟ ತರಬೇಡಿ. ಅದು ಪುಟ್ಟ ಕಣಜವೊಂದರ ಕಾಟ, ಗೂಟದ ಜೊತೆಗೇ ಬರುತ್ತದೆ.

ಮಾವಿನ ಕೊಂಬೆಯ ಮೇಲೆ ಬೆಳೆಯುವ ಪರಾವಲಂಬಿ ಗಿಡ ಬದನಿಕೆಯನ್ನು ಕಂಡಲ್ಲಿ ಕಡಿಯಬೇಕೆಂಬ ಮಾತು ಸರಿ. ಫಲ ಕೊಡುವ ಮರವಾದರೆ ಬದನಿಕೆ ಕೂತ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆಯನ್ನೇ ತೆಗೆಯಿರಿ, ಬೇರು ಕೊಂಬೆಯೊಳಗೆ ಹೊಕ್ಕಿರುತ್ತದೆ. ಆದರೆ ಫಲ ನಿಂತ ಹಳೇ ಮರದಲ್ಲಿ ನಾನು ಒಂದು ಗೊಂಚಲು ಉಳಿಸಿದ್ದೇನೆ. ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿ ಹಣ್ಣು ನುಂಗಿ, ಅಂಟು ಬೀಜವನ್ನು ಕೊಂಬೆಗೆ ಹಿಂಭಾಗ ಒರೆಸಿ ಕಳಚುತ್ತದೆ. ಬೀಜಗಳು ಅಂಟಿನ ಎಳೆಯಲ್ಲಿ ಮಣಿಸರದ ಹಾಗೆ ತೂಗುತ್ತವೆ. ಪಕ್ಕದ ಸಪೋಟಕ್ಕೂ ಹಬ್ಬುತ್ತದೆ, ಆ ದಂಡ ತೆರಲೇಬೇಕು.

ಜಗುಲಿಯ ತಂತಿಗೆ ಸೂರಕ್ಕಿ ಜೇಡರ ಬಲೆ ತಂದು ಸುತ್ತಲು ಶುರು ಮಾಡಿದರೆ ಆ ಮೂಲೆಗೆ ಪೊರಕೆ ಹಾಕಬೇಡಿ. ಇಡುವುದು ಎರಡೇ ಮೊಟ್ಟೆ, ಒಂದು ತಿಂಗಳು ಆಚೀಚೆಯಲ್ಲಿ ಗೂಡು ಖಾಲಿ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿಡಿ. ಗಂಡು ಹಕ್ಕಿ ತನ್ನ ಬಿಂಬದ ಜೊತೆ ಗಂಟೆಗಟ್ಟಲೆ ಕಾದಾಡಿ ಸೋಲುತ್ತದೆ. ಮಳೆ ಹಿಡಿದ ವಾರ ಕ್ಯಾನ್ ಇಳಿಸಿ, ನಳಿಕೆ ಊದಿ ಒಣಗಿಸಿ ಸುತ್ತಿಡುತ್ತೇನೆ. ತಟ್ಟೆ ಕವುಚಿ ಹಾಕುವ ಹೊತ್ತಿಗೆ ಹಲಸಿನ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂಗೊಂಚಲು ಇಳಿಬಿದ್ದಿರುತ್ತದೆ.